ಒಂದು ಚಮಚ ಹೊಸ್ತು

ಹಾರ್ಮೋನಿಯಂ ಸ್ವಲ್ಪ ನಿಲ್ಲಿಸಪ್ಪ, ಈಗ ಮಾತಿನ ಸರದಿ. ಹಿಂದೆ ಕಂಬಕ್ಕೆ ಒರಗಿ ಕೂತವರು ದಯವಿಟ್ಟು ಮುಂದೆ ಬನ್ನಿ. ಆ ಕಂಬಕ್ಕೆ ಇವತ್ತು ಬೆಳಿಗ್ಗೆ ಹೊಸ ಭತ್ತದ ಕದಿರು ಕಟ್ಟಿದ್ದಾರೆ. ಅದು ದೇವರಿಗೆ ಕಟ್ಟಿದ್ದು, ನಿಮ್ಮ ಬೆನ್ನು ಉಜ್ಜಿಕೊಳ್ಳಲಿಕ್ಕೆ ಕಟ್ಟಿದ್ದಲ್ಲ.

ಇಷ್ಟು ಹೊತ್ತು ಅನ್ನದ ಮಹಿಮೆ ಹೇಳಿದೆ. ಅನ್ನವೇ ದೇವರು ಎಂದೆ, ನೀವೆಲ್ಲ ತಲೆದೂಗಿದಿರಿ. ತಲೆದೂಗುವುದರಲ್ಲಿ ನಮ್ಮ ಜನರನ್ನು ಮೀರಿಸುವವರು ಯಾರಿದ್ದಾರೆ? ಇಲ್ಲಿ ತೂಗಿದ ತಲೆ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ನೆಟ್ಟಗಾಗಿರುತ್ತದೆ. ಅದಕ್ಕೇ ಒಂದು ಕತೆ ಹೇಳುತ್ತೇನೆ. ಕತೆಗೆ ತಲೆದೂಗಬೇಕಾಗಿಲ್ಲ, ಕಿವಿ ಕೊಟ್ಟರೆ ಸಾಕು.

ಕಡಲಿಗೆ ಮುಖ ಮಾಡಿದ ಒಂದು ಊರು. ಆ ಊರಿಗೊಬ್ಬ ಶ್ರೀಮಂತ. ಯಾವ ಊರು, ಯಾವ ಶ್ರೀಮಂತ ಎಂದು ಕೇಳಬೇಡಿ. ಹೆಸರು ಹೇಳಿದರೆ ನಾಳೆ ಅವನ ಭಾವನೆಂಟರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಶ್ರೀಮಂತ ಎಂದರೆ ನಿಮ್ಮ ಹಾಗೆಯೇ ಒಬ್ಬ ಮನುಷ್ಯ, ಸ್ವಲ್ಪ ದೊಡ್ಡ ಕಾರು, ಸ್ವಲ್ಪ ದೊಡ್ಡ ಗೇಟು, ಅಷ್ಟೆ. ಅವನಿಗೊಬ್ಬಳು ಹೆಂಡತಿ, ಮದುವೆಯ ವಯಸ್ಸಿಗೆ ಬಂದ ಒಬ್ಬಳು ಮಗಳು. ಮತ್ತೆ ಒಬ್ಬಳು ಅಕ್ಕ.

ಈ ಅಕ್ಕ ಇದ್ದಾಳಲ್ಲ, ಅವಳೇ ಕತೆ. ಬಾಲ್ಯದಲ್ಲಿ ತಾಯಿ ತೀರಿಕೊಂಡಾಗ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಯಲ್ಲೇ ಉಳಿದವಳು. ಮನೆಯ ಅಡುಗೆ ಅವಳದು, ಮನೆಯ ಬೀಗದ ಕೈ ಅವಳದು, ಮನೆಯ ಬಾಯಿಯೂ ಅವಳದೇ. ಆ ಬಾಯಿಗೆ ಬಾಗಿಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವ ಬಾಯಿ.

ಹಿಂದಿನ ವರ್ಷ ಮಗಳನ್ನು ನೋಡಲು ಒಂದು ಒಳ್ಳೆಯ ಕಡೆಯ ಗಂಡು ಬಂದಿತ್ತು. ಹುಡುಗನ ತಾಯಿ ಚಾ ಕುಡಿದು, "ಚಾ ಬಹಳ ಚೆನ್ನಾಗಿದೆ, ಹುಡುಗಿ ಮಾಡಿದ್ದಾ?" ಎಂದು ಕೇಳಿದರು. ಶ್ರೀಮಂತ ಹೌದು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಒಳಗಿನಿಂದಲೇ ಕೂಗಿದಳು.

"ಅದಾ? ಅದಕ್ಕೆ ಚಾ ಮಾಡುಕ್ ಬತ್ತಿಲ್ಲೆ. ಗ್ಯಾಸ್ ಹಚ್ಚುಕೇ ಹೆದರ್ತ್. ಚಾ ಮಾಡಿದ್ದ್ ನಾನ್. ಮತ್ತೆ ಹೇಳ್ಲಿಲ್ಲೆ ಅನ್ಬೇಡಿ!"

ಗಂಡಿನ ಕಡೆಯವರು ನಗುನಗುತ್ತಲೇ ಎದ್ದು ಹೋದರು. ಮತ್ತೆ ಬರಲಿಲ್ಲ. ಅವರು ಬರದೆ ಇದ್ದದ್ದಕ್ಕೆ ಬೇರೆ ಕಾರಣ ಇದ್ದಿರಲೂಬಹುದು. ಆದರೆ ಶ್ರೀಮಂತನ ಮನಸ್ಸಿನಲ್ಲಿ ಕಾರಣ ಒಂದೇ ಆಗಿ ಉಳಿಯಿತು, ಅಕ್ಕನ ಬಾಯಿ.

ಈ ವರ್ಷ ಇನ್ನೊಂದು ಸಂಬಂಧ ಬಂತು. ಅದಕ್ಕಿಂತಲೂ ಒಳ್ಳೆಯ ಮನೆತನ, ತಿದ್ದಿ ತೀಡಿದಂಥ ಹುಡುಗ. ಇದು ಕೈತಪ್ಪಿದರೆ ಇಂಥದ್ದು ಮತ್ತೆ ಸಿಕ್ಕುವುದಿಲ್ಲ ಎಂದು ಶ್ರೀಮಂತನಿಗೆ ಗಟ್ಟಿಯಾಗಿತ್ತು. ಅವರನ್ನು ಮನೆಗೆ ಕರೆಯುವುದೋ? ಮನೆಯಲ್ಲಿ ಅಕ್ಕ. ಹೊರಗೆ ಊಟಕ್ಕೆ ಕರೆಯುವುದೋ? ಅಕ್ಕನನ್ನು ಬಿಟ್ಟು ಹೋಗುವುದು ಹೇಗೆ? ಅವನು ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಒಂದು ಉಪಾಯ ಕಂಡುಹಿಡಿದ. ಉಪಾಯ ಎಂಥದ್ದು ಗೊತ್ತೇ? ಬುದ್ಧಿವಂತರು ಮಾತ್ರ ಮಾಡಬಲ್ಲ ಮೂರ್ಖತನ.

ನವರಾತ್ರಿಯ ದಿನಗಳವು. ಹೊಸ್ತು ಉಣ್ಣುವ ದಿನಗಳು. ಈಚಿನ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಕೇಳಿ. ಗದ್ದೆಯ ಹೊಸ ಕದಿರು ಮನೆಗೆ ಬಂದ ಮೇಲೆ ಹೊಸ ಅಕ್ಕಿಯ ಮೊದಲ ಊಟ ಮಾಡುತ್ತೇವಲ್ಲ, ಅದು ಹೊಸ್ತು. ಆ ದಿನ ಎಲೆಯ ಮುಂದೆ ಕೂತವರು ಸುಮ್ಮನೆ ಕೈ ಹಾಕುವ ಹಾಗಿಲ್ಲ. ಮನೆಯ ಹಿರಿಯರ ಮುಖ ನೋಡಿ, "ಹೊಸ್ತ್ ಉಂತೆ" ಎಂದು ಅಪ್ಪಣೆ ಕೇಳಬೇಕು. ಅವರು "ಉಣ್" ಎನ್ನಬೇಕು. ಆಮೇಲೆ ಮೊದಲ ತುತ್ತು. ವರ್ಷಕ್ಕೆ ಒಂದೇ ಸಲ ಕೇಳುವ ಮಾತು, ವರ್ಷಕ್ಕೆ ಒಂದೇ ಸಲ ಸಿಗುವ ಅಪ್ಪಣೆ.

ನಮ್ಮ ಶ್ರೀಮಂತ ಐವತ್ತು ದಾಟಿದ್ದರೂ ಪ್ರತಿ ವರ್ಷ ಅಕ್ಕನ ಮುಂದೆ ಕೂತು ಕೇಳುತ್ತಿದ್ದ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು. "ಉಣ್ ಮಗಾ. ದೊಡ್ಡವ್ನಾಗ್." ತಲೆ ನರೆತವನಿಗೆ ದೊಡ್ಡವನಾಗು ಎನ್ನುತ್ತಾಳಲ್ಲ ಎಂದು ಅವನಿಗೆ ಒಳಗೊಳಗೇ ನಗು. ಆದರೆ ಆ ಕೈ ತಲೆಯಿಂದ ಏಳುವವರೆಗೆ ಅವನು ಅಲುಗಾಡುತ್ತಿರಲಿಲ್ಲ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ.

ಅದೇ ಊರಿನ ಕಡಲ ದಂಡೆಯಲ್ಲಿ ಹೊಸದಾಗಿ ಒಂದು ಹೋಟೆಲು ಬಂದಿತ್ತು. ಹೋಟೆಲು ಅಂದರೆ ಬಿಸಿ ಇಡ್ಲಿ, ಬನ್ಸು ಸಿಗುವ ಹೋಟೆಲಲ್ಲ. ಕಡಲ ಕಡೆಗೆ ಇಡೀ ಗೋಡೆಯೇ ಗಾಜು. ಒಳಗೆ ಬೆಳಕು ಎಷ್ಟು ಕಡಿಮೆ ಎಂದರೆ ಉಣ್ಣುವವನಿಗೆ ತನ್ನ ಬಾಯಿ ಎಲ್ಲಿದೆ ಎಂದು ತಡಕಬೇಕು. ಬಾಗಿಲಲ್ಲಿ ಒಂದು ಫಲಕ. "ಇಲ್ಲಿ ಬಡಿಸುವುದು ಕೂಗಳತೆಯಲ್ಲಿ ಬೆಳೆದದ್ದು ಮಾತ್ರ." ಹೊರಗಿನ ಒಂದು ಸಾಸಿವೆ ಕಾಳೂ ಆ ಅಡುಗೆಮನೆಗೆ ಬರುವುದಿಲ್ಲವಂತೆ. ಆ ವರ್ಷ ಅವರು ನವರಾತ್ರಿಗೆ "ಹೊಸ್ತಿನ ಊಟ" ಎಂದು ವಿಶೇಷ ಏರ್ಪಾಡು ಮಾಡಿದ್ದರು. ಶ್ರೀಮಂತ ಅಲ್ಲಿ ಒಂದು ಮೇಜು ಹಿಡಿಸಿದ. ಗಂಡಿನ ಕಡೆಯವರಿಗೆ ಫೋನ್ ಮಾಡಿ, "ಈ ಸಲದ ಹೊಸ್ತು ಒಟ್ಟಿಗೇ ಉಣ್ಣೋಣ, ಶುಭವಾಗಲಿ" ಎಂದ. ಅವರಿಗೆ ಸಂತೋಷವೇ ಆಯಿತು.

ಅಕ್ಕನಿಗೆ ಏನು ಹೇಳಿದ? "ಅಕ್ಕ, ಇವತ್ತ್ ಬ್ಯಾಂಕಿನವ್ರ ಊಟ ಇತ್. ನಾವ್ ಮೂರ್ ಜನ ಹೋಯ್ಕ್. ನಮ್ಮ ಹೊಸ್ತ್ ನಾಳೆ ಇಟ್ಕಂಬ" ಎಂದ.

ಅಕ್ಕ ಬಾಗಿಲಿಗೆ ಕದಿರು ಕಟ್ಟುತ್ತಿದ್ದಳು. "ಆಯ್ತ್, ನಾಳೆಯೇ ಉಂಬ. ಬ್ಯಾಂಕಿನವ್ರ್ ಹೊಟ್ಟಿಗೆ ಹಾಕ್ತ್ರಾ ಇಲ್ಯಾ, ಎಂತಾರೂ ತಿಂದ್ಕಂಡೇ ಹೋಯ್ನಿ" ಎಂದಳು.

ನೋಡಿದಿರಾ ಲೆಕ್ಕಾಚಾರ? ಇವತ್ತು ಹೋಟೆಲಿನಲ್ಲಿ ಒಂದು ಹೊಸ್ತು, ನಾಳೆ ಮನೆಯಲ್ಲಿ ಇನ್ನೊಂದು. ಇವತ್ತಿನದು ಬೀಗರಿಗೆ, ನಾಳೆಯದು ಅಕ್ಕನಿಗೆ. ಒಂದೇ ಮದುವೆಗೆ ಎರಡು ಸಲ ತಾಳಿ ಕಟ್ಟುವವನ ಹಾಗೆ. ಕಾರಿನಲ್ಲಿ ಹೆಂಡತಿ, "ಅಕ್ಕನಿಗೆ ಹೇಳಬಹುದಿತ್ತು" ಎಂದು ಗೊಣಗಿದಳು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಅವನು, "ಇದೊಂದು ಸಂಜೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ಆದ ಹಾಗೆಯೇ" ಎಂದ.

ಗಂಡಿನ ಕಡೆಯವರು ಆಗಲೇ ಬಂದಿದ್ದರು. ಹುಡುಗ, ಅವನ ಅಪ್ಪ, ಅವನ ಅಮ್ಮ. ಹುಡುಗನ ಅಮ್ಮ ದೊಡ್ಡ ಮನೆತನದವರು, ಆದರೆ ಮಾತು ಮಾತ್ರ ಮನೆಯ ಜಗಲಿಯದೇ. ಶ್ರೀಮಂತ ಅವರ ಮುಂದೆ ಪುಸ್ತಕದ ಕನ್ನಡ ಆಡಲು ಶುರುಮಾಡಿದ. "ದಯಮಾಡಿಸಬೇಕು, ಆಸೀನರಾಗಬೇಕು" ಎಂದೆಲ್ಲ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ಕಪ್ಪು ಏಪ್ರನ್ ಕಟ್ಟಿದ ಅಡುಗೆಯವನೊಬ್ಬ ಬಂದು ಮೇಜಿನ ಪಕ್ಕ ನಿಂತ. ತಟ್ಟೆಗಳು ಬಂದವು. ತಟ್ಟೆ ಮೊರದಗಲ, ಅದರ ನಡುವೆ ಹೆಬ್ಬೆರಳ ಉಗುರಿನಷ್ಟು ಪತ್ರೊಡೆ. ಆ ಪತ್ರೊಡೆಗೆ ಒಂದು ಹರಿಕತೆ! ಈ ಕೆಸುವಿನ ಎಲೆ ಇಂಥ ಬಾವಿಕಟ್ಟೆಯ ಪಕ್ಕದ್ದು. ಈ ಒಂದೆಲಗ ಇಂಥವರ ಗದ್ದೆಯ ಅಂಚಿನದು. ಈ ಮೊಗೆಕಾಯಿ ಬೆಳೆದ ಹೆಂಗಸು ಅದನ್ನು ಮಕ್ಕಳ ಹಾಗೆ ಸಾಕುತ್ತಾರೆ, ಅವರ ಅತ್ತೆಯ ಕಾಲದಿಂದ ಅದೇ ಬೀಜ. ಶ್ರೀಮಂತ ಹ್ಞಾಂ ಹ್ಞಾಂ ಎಂದು ತಲೆಯಾಡಿಸಿದ. ತಾನೇ ಬೆಳೆದ ಹಾಗೆ ಬೀಗರ ಕಡೆ ತಿರುಗಿ, "ಎಲ್ಲ ನಮ್ಮ ನೆಲದ್ದೇ, ನಮಗೆ ಮೂಲ ಮುಖ್ಯ ನೋಡಿ" ಎಂದ.

ಕೇಳಿ ತಾಯಂದಿರೇ. ಮೊಗೆಕಾಯಿಗೆ ಮನೆ ಇತ್ತು, ಮನೆತನ ಇತ್ತು, ಅತ್ತೆಯ ಕಾಲದ ಬೀಜ ಇತ್ತು. ಮೊಗೆಕಾಯಿಯ ಅತ್ತೆಯವರೆಗೆ ವಿಚಾರಿಸಿದ ಮಹಾನುಭಾವ ತನ್ನ ಸ್ವಂತ ಅಕ್ಕನಿಗೆ ಆ ಮೇಜಿನಲ್ಲಿ ಒಂದು ಕುರ್ಚಿ ಇಡಿಸಿರಲಿಲ್ಲ. ಅಕ್ಕ ಎಲ್ಲಿದ್ದಳು? ಕೂಗಳತೆಯಲ್ಲೇ ಇದ್ದಳು! ಆ ಹೋಟೆಲಿನ ಫಲಕದ ಪ್ರಕಾರವೂ ಮೇಜಿಗೆ ಬರಲು ಲಾಯಕ್ಕಾದವಳೇ.

ಆಮೇಲೆ ಹೊಸ್ತು ಬಂತು. ಸಣ್ಣ ಬಿಳಿ ಬಟ್ಟಲು, ಅದರಲ್ಲಿ ಹೊಸ ಅಕ್ಕಿಯ ಪಾಯಸ, ಒಂದೇ ಒಂದು ಚಮಚ. ಎಲ್ಲರ ಮುಂದೆ ಬಟ್ಟಲು ಇಟ್ಟದ್ದಾಯಿತು. ಯಾರೂ ಮುಟ್ಟಲಿಲ್ಲ. ಶ್ರೀಮಂತ ಸುತ್ತ ನೋಡಿದ. ಪಾಪ, ಇವರಿಗೆ ಇಂಥ ಜಾಗದಲ್ಲಿ ತಿನ್ನುವ ಕ್ರಮ ಗೊತ್ತಿಲ್ಲ, ಸಂಕೋಚ ಪಡುತ್ತಿದ್ದಾರೆ, ನಾನೇ ತೋರಿಸಿಕೊಡಬೇಕು ಎಂದುಕೊಂಡ. ಚಮಚ ಎತ್ತಿದ, ಬಾಯಿಗೆ ಹಾಕಿದ, ಕಣ್ಣು ಮುಚ್ಚಿ, "ಆಹಾ, ದಿವ್ಯ!" ಎಂದ.

ಕಣ್ಣು ತೆರೆದಾಗ ಹುಡುಗನ ಅಮ್ಮ ಅವನನ್ನೇ ನೋಡುತ್ತಿದ್ದರು.

"ಹ್ವಾಯ್, ಯಾರನ್ನೂ ಕೇಣದೇ ಉಂಡೇ ಬಿಟ್ರ್ಯಾ?" ಎಂದರು. ಸಿಟ್ಟಿರಲಿಲ್ಲ, ಆಶ್ಚರ್ಯ ಮಾತ್ರ. "ನಾವ್ ನೀವ್ ಕೇಂಬುದನ್ನೇ ಕಾಯ್ತಾ ಇದ್ದಿತ್. ಉಣಿಸುವವ್ರ್ ನೀವಲ್ದಾ? ನಿಮ್ಮನೆ ಹಿರಿಯರ್ ಹೂಂ ಅಂದ್ರೆ ಅಲ್ದಾ ನಾವ್ ಉಂಬುದ್? ನಿಮ್ಮಲ್ಲಿ ಹಿರಿಯರ್ ಯಾರ್?"

ಅವನು ಚಮಚವನ್ನು ಮೆಲ್ಲಗೆ ಬಟ್ಟಲಿನಲ್ಲಿಟ್ಟ. ಆಗಲೇ ಅವನಿಗೆ ಹೊಳೆದದ್ದು. ನಾಳೆ ಅಕ್ಕನ ಮುಂದೆ ಕೂತು ಕೇಳುವುದು ಯಾವುದನ್ನು? ಹೊಸ್ತು ಆಗಲೇ ಹೊಟ್ಟೆಗೆ ಇಳಿಯುತ್ತಿದೆ.

"ಹಿರಿಯರು... ನಮ್ಮ ಅಕ್ಕ ಇದ್ದಾಳೆ" ಎಂದ. "ಬರಬೇಕೆಂದು ಅವಳಿಗೂ ಬಹಳ ಆಸೆ ಇತ್ತು. ಏನು ಮಾಡುವುದು, ವಿಪರೀತ ಜ್ವರ. ಮಲಗಿಬಿಟ್ಟಿದ್ದಾಳೆ."

ಹುಡುಗನ ಅಮ್ಮನ ಮುಖ ಕರಗಿಹೋಯಿತು. "ಅಯ್ಯೋ ಪಾಪ! ಹಂಗಾರ್ ಫೋನಲ್ಲೇ ಕೇಂಬ. ಜ್ವರ ಬಂದವ್ರಿಗೂ ಒಂದ್ ಸಮಾಧಾನ" ಎಂದರು.

ಶ್ರೀಮಂತ, "ಬೇಡ, ನಿದ್ದೆ ಮಾಡುತ್ತಿರಬಹುದು" ಎನ್ನುತ್ತಿದ್ದ. ಮಗಳು ಆಗಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮೇಜಿನ ನಡುವೆ ಇಟ್ಟಿದ್ದಳು. ಅಪ್ಪನ ಕಣ್ಣನ್ನು ಅವಳು ನೋಡಲಿಲ್ಲ. ನೋಡದೇ ಇದ್ದದ್ದು ಬೇಕೆಂದೇ.

"ಹಲೋ! ಯಾರ್?" ಎಂದಿತು ಫೋನು. ಜ್ವರದ ದನಿಯೇ ಅದು? ಕಡಲಿನ ಮೊರೆತ ಕೂಡ ಒಂದು ಗಳಿಗೆ ಕೇಳದ ಹಾಗಾಯಿತು.

"ದೊಡ್ಡತ್ತೆ, ನಾವೆಲ್ಲ ಹೊಸ್ತ್ ಉಂತ್. ನಿಮ್ಮ ಹತ್ರ ಕೇಂಬುಕೆ ಫೋನ್ ಮಾಡಿದ್ದ್" ಎಂದಳು ಮಗಳು.

"ಎಂತದ್, ಹೊಸ್ತಾ? ಹೊಸ್ತ್ ನಾಳೆ ಅಂದಿದ್ನಲ್ಲ ನಿನ್ನಪ್ಪ! ಬ್ಯಾಂಕಿನವ್ರ ಊಟ ಅಂದೇಳಿ ಹೋಯಿ, ಈಗ ಹೊಸ್ತ್ ಅಂದ್ರೆ ಹ್ಯಾಂಗ್?"

ಹುಡುಗನ ಅಮ್ಮ ಫೋನಿನ ಕಡೆ ಬಾಗಿದರು. "ಅಕ್ಕಾ, ನಾನ್ ಗಂಡಿನ ತಾಯಿ. ನಿಮ್ಗ್ ಜ್ವರ ಅಂದ್ರಲ್ಲ, ಈಗ ಹ್ಯಾಂಗಿತ್?"

"ಜ್ವರ? ನಂಗಾ? ನಾ ಈಗ ಅಟ್ಟ ಹತ್ತಿ ಕಂಚಿನ ಹರಿವಾಣ ಇಳ್ಸಿ ತಿಕ್ತಾ ಇದ್ದೆ ಮಾರಾಯ್ರೆ!"

ಅಡುಗೆಯವನು ಮುಂದಿನ ತಟ್ಟೆ ಹಿಡಿದು, ಅದರ ಹುಟ್ಟೂರು ಹೇಳಲು ಬಾಯಿ ತೆರೆದವನು, ಹಾಗೆಯೇ ಹಿಂದೆ ಸರಿದ. ಶ್ರೀಮಂತನಿಗೆ ಗಾಜಿನ ಗೋಡೆಯನ್ನು ಒಡೆದು ಕಡಲಿಗೆ ಹಾರಿಬಿಡೋಣ ಎನ್ನಿಸಿತು. ಆದರೆ ಗಾಜು ದಪ್ಪ ಇತ್ತು. ಮುಗಿಯಿತು, ಈ ಸಂಬಂಧವೂ ಹೋಯಿತು, ಈ ಸಲ ಅಕ್ಕನ ಬಾಯಿಂದಲ್ಲ, ನನ್ನ ಬಾಯಿಂದಲೇ ಎಂದುಕೊಂಡ.

ಫೋನಿನ ಆ ಕಡೆ ಅಕ್ಕನಿಗೆ ಎಲ್ಲ ಅರ್ಥವಾಗಲು ಎಷ್ಟು ಹೊತ್ತು ಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅವಳು ಏನೂ ಆಗದವಳ ಹಾಗೆ ಕೇಳಿದಳು.

"ಹಂಗಾರ್ ನೀವ್ಯಾರೂ ಇನ್ನೂ ಉಣ್ಲಿಲ್ಯಾ?"

"ಇಲ್ಲೆ ಅಕ್ಕಾ" ಎಂದರು ಹುಡುಗನ ಅಮ್ಮ. "ನಿಮ್ಮಲ್ಲಿ ಅನ್ನ ಇತ್ತಾ?"

"ಅನ್ನಕ್ಕೆಂತ ಬರ? ಹರಿವೆ ಇತ್, ಮೊಗೆಕಾಯಿ ಇತ್. ಬಾಗ್ಲಿಗೆ ಕಟ್ಟಿದ ಕದಿರಿಂದ ನಾಲ್ಕ್ ಕಾಳ್ ಸುಲ್ದ್ ಅನ್ನಕ್ಕೆ ಹಾಕಿರೆ ಹೊಸ್ತ್ ಆಯ್ತ್. ಬನ್ನಿ."

ಹುಡುಗನ ಅಮ್ಮ ಎದ್ದರು. ಅವರ ಹಿಂದೆ ಹುಡುಗನ ಅಪ್ಪ, ಹುಡುಗ, ಮಗಳು, ಕೊನೆಗೆ ಶ್ರೀಮಂತನ ಹೆಂಡತಿ ಕೂಡ. ಮೇಜಿನಲ್ಲಿ ಉಳಿದದ್ದು ಮುಟ್ಟದ ಬಟ್ಟಲುಗಳು, ನೆಕ್ಕಿದ ಒಂದು ಬಟ್ಟಲು, ಮತ್ತೆ ನಮ್ಮ ಶ್ರೀಮಂತ. ಬಿಲ್ಲು ಕೊಟ್ಟು, ಅಡುಗೆಯವನ ಮುಖ ನೋಡದೆ ಹೊರಗೆ ಬಂದ. ಬಾಗಿಲ ಫಲಕದ ಮುಂದೆ ಒಂದು ನಿಮಿಷ ನಿಂತ. ಕೂಗಳತೆ ಎಂಬ ಮಾತನ್ನು ಮತ್ತೊಮ್ಮೆ ಓದಿದ.

ಅವನು ಮನೆ ತಲುಪುವಾಗ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತಿದ್ದರು. ಬಾಳೆಲೆ, ಬಿಸಿ ಅನ್ನ, ಹರಿವೆ ಸೊಪ್ಪಿನ ಪಲ್ಯ, ಮೊಗೆಕಾಯಿ ಹುಳಿ. ಅಕ್ಕ ನಡುವೆ ಮಣೆಯ ಮೇಲೆ. ಅವಳಿಗಿಂತ ಕಿರಿಯರಾದ ಬೀಗರು ಕೂಡ ಕೈಮುಗಿದು, "ಹೊಸ್ತ್ ಉಂತೆ ಅಕ್ಕಾ" ಎಂದರು. "ಉಣ್ಣಿ" ಎಂದಳು. ಹುಡುಗನ ತಲೆಯ ಮೇಲೆ ಕೈಯಿಟ್ಟು, "ಉಣ್ ಮಗಾ, ದೊಡ್ಡವ್ನಾಗ್" ಎಂದಳು. ಆಮೇಲೆ ಸುಮ್ಮನಿರಬೇಕೋ ಬೇಡವೋ? ಬೀಗಿತ್ತಿಯ ಕಡೆ ತಿರುಗಿ ಆ ಬಾಯಿ ಶುರುವಾಯಿತು.

"ಒಂದ್ ಮಾತ್ ಈಗ್ಲೇ ಹೇಳ್ತೆ. ನಮ್ಮ ಹೆಣ್ಣಿಗ್ ಅಡ್ಗಿ ಬತ್ತಿಲ್ಲೆ."

ಬಾಗಿಲಲ್ಲಿ ನಿಂತ ಶ್ರೀಮಂತ ಕಣ್ಣು ಮುಚ್ಚಿಕೊಂಡ. ಹುಡುಗನ ಅಮ್ಮ ಜೋರಾಗಿ ನಕ್ಕರು. "ನಮ್ಮ ಗಂಡಿಗ್ ಬತ್ತ್ ಅಕ್ಕಾ. ಇನ್ನ್ ಮುಂದಿನ ಮಾತೆಲ್ಲ ನಾವಿಬ್ರೇ ಆಡ್ವ. ನಿಮ್ಮ್ ತಮ್ಮನ್ ಹತ್ರ ಆಡಿರೆ ನಂಗ್ ಯಾವ್ದ್ ಜ್ವರ, ಯಾವ್ದ್ ಬ್ಯಾಂಕ್ ತಿಳಿತಿಲ್ಲೆ" ಎಂದರು.

ಅಂತೂ ಯಾವ ಬಾಯಿಗೆ ಹೆದರಿ ಅವನು ಇಷ್ಟೆಲ್ಲ ಮಾಡಿದನೋ ಅದೇ ಬಾಯಿ ಮದುವೆ ನಿಲ್ಲಿಸಿತು. ನಿಲ್ಲಿಸಿತು ಎಂದರೆ ಗಟ್ಟಿಯಾಗಿ ನಿಲ್ಲಿಸಿತು ಮಾರಾಯರೇ, ಮುರಿಯಲಿಲ್ಲ. ನಿಟ್ಟುಸಿರು ಬಿಟ್ಟಿರಾ? ಕತೆ ಇಲ್ಲಿಗೆ ಮುಗಿದಿದ್ದರೆ ನಾನೂ ಮಂಗಳ ಹಾಡಿ ಏಳುತ್ತಿದ್ದೆ. ಮುಗಿಯಲಿಲ್ಲ.

ಶ್ರೀಮಂತ ಒಳಗೆ ಬಂದ. ಸಾಲಿನ ತುದಿಯಲ್ಲಿ ಅವನಿಗೂ ಒಂದು ಎಲೆ ಹಾಕಿತ್ತು. ಪ್ರತಿ ವರ್ಷದ ಹಾಗೆ ಅಕ್ಕನ ಮುಂದೆ ಕೂತ. ಪುಸ್ತಕದ ಕನ್ನಡ ಎಲ್ಲ ಉದುರಿಹೋಗಿತ್ತು. ತಲೆ ಬಗ್ಗಿಸಿ, "ಅಕ್ಕಾ, ಹೊಸ್ತ್ ಉಂತೆ" ಎಂದ.

ತಲೆಯ ಮೇಲೆ ಕೈ ಬರಲಿಲ್ಲ.

"ನೀ ಉಂಡಾಯ್ತಲ್ಲ?" ಎಂದಳು ಅಕ್ಕ.

"ಒಂದೇ ಚಮಚ ಅಕ್ಕಾ."

"ಚಮಚ ಆದ್ರೂ ಹೊಸ್ತೇ. ಹೊಸ್ತ್ ವರ್ಷಕ್ಕೆ ಒಂದೇ ಸಲ. ಉಂಡಾದ್ ಮೇಲೆ ಕೇಂಬುದ್ ಎಂತದ್?"

ಬೈದಳೇ? ಇಲ್ಲ. ಅತ್ತಳೇ? ಅದೂ ಇಲ್ಲ. ಇವತ್ತು ಹಾಲು ಮುಗಿದಿದೆ, ನಾಳೆ ಬರುತ್ತದೆ ಎನ್ನುವ ಹಾಗೆ ಹೇಳಿದಳು. ಅವನ ಎಲೆಗೆ ಅನ್ನ ಬಡಿಸಿದಳು, ಎಲ್ಲರಿಗಿಂತ ಒಂದು ಸೌಟು ಹೆಚ್ಚೇ ಬಡಿಸಿದಳು. "ಹಸ್ದ್ ಕೂಕಣ್ಬೇಡ, ಉಣ್. ಕೇಂಬುದನ್ನ ಬಪ್ಪ ವರ್ಷ ಕೇಣ್" ಎಂದಳು. ಹುಳಿಯ ಪಾತ್ರೆ ಎತ್ತಿಕೊಂಡು ಮುಂದಿನ ಎಲೆಗೆ ಹೋಗುತ್ತಾ, "ನಾನಿದ್ರೆ" ಎಂದಳು.

ಐವತ್ತು ದಾಟಿದ ಆ ಗಂಡಸು ಬೀಗರ ಮುಂದೆ, ಹೆಂಡತಿ ಮಗಳ ಮುಂದೆ, ಎಲೆಗೆ ಕಣ್ಣೀರು ಉದುರಿಸುತ್ತ ಉಂಡ. ಅನ್ನ ಸಿಕ್ಕಿತ್ತು. ಆ ಕೈ ಸಿಕ್ಕಿರಲಿಲ್ಲ.

ಈಗ ನಿಮ್ಮ ಮುಖಗಳನ್ನು ನೋಡುತ್ತಿದ್ದೇನೆ. ಮೊದಲು ನಗುತ್ತಿದ್ದಿರಿ, ಈಗ ಕೆಲವರು ನೆಲ ನೋಡುತ್ತಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಡಿ, ನಾನು ಯಾರ ಹೆಸರೂ ಹೇಳಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತವರೇ, ನಿಮ್ಮ ಅತ್ತೆ ಎಲ್ಲಿ? "ಅವರಿಗೆ ಕಾಲು ನೋವು, ಮನೆಯಲ್ಲೇ ಇದ್ದಾರೆ." ಪಕ್ಕದಲ್ಲಿ ಕೂತ ಯಜಮಾನರೇ, ನಿಮ್ಮ ದೊಡ್ಡಪ್ಪ ಎಲ್ಲಿ? "ಅವರಿಗೆ ಇಷ್ಟು ಹೊತ್ತು ಕೂತುಕೊಳ್ಳಲು ಆಗುವುದಿಲ್ಲ." ನಿಜವಾಗಿ ಕಾಲು ನೋವೋ, ಕಾರಿನಲ್ಲಿ ಜಾಗ ಇರಲಿಲ್ಲವೋ? ಕೂತುಕೊಳ್ಳಲು ಆಗುವುದಿಲ್ಲವೋ, ಬನ್ನಿ ಎಂದು ಯಾರೂ ಕರೆಯಲಿಲ್ಲವೋ? ಆ ಶ್ರೀಮಂತ ಅಕ್ಕನಿಗೆ ಜ್ವರ ಬರಿಸಿದ. ನೀವು ಎಷ್ಟು ಜನರಿಗೆ ಕಾಲು ನೋವು ಬರಿಸಿದ್ದೀರಿ?

ಎಲ್ಲದಕ್ಕೂ ಮೂಲ ಬೇಕು ನಮಗೆ. ಅಕ್ಕಿ ಸಾವಯವ ಆಗಬೇಕು, ಬೆಲ್ಲ ಗಾಣದ್ದೇ ಆಗಬೇಕು, ಜೇನು ಕಾಡಿನದ್ದೇ ಆಗಬೇಕು. ಮನೆಗೆ ನೆಂಟರು ಬಂದಾಗ ಮಾತ್ರ ಮನೆಯ ಮೂಲ ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿರಬೇಕು, ಕೆಮ್ಮಬಾರದು, ಮಾತಾಡಬಾರದು. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ.

ಹಾಗಾದರೆ ಏನು ಮಾಡಬೇಕು? ದೊಡ್ಡ ವ್ರತ ಏನೂ ಬೇಡ. ನೆಂಟರು ಬಂದಾಗ ಮೊದಲ ಕುರ್ಚಿ ಹಿರಿಯರದು, ಅವರು ಏನೇ ಆಡಲಿ, ಆಡಿ ಕೆಡಿಸಲಿ. ಕೆಡುವಂಥ ಸಂಬಂಧವಾದರೆ ಮೊದಲೇ ಕೆಡಲಿ, ಒಳ್ಳೆಯದೇ. ಮತ್ತೆ ಹೊಸ್ತಿಗೆ ಮಾತ್ರ ಅಲ್ಲ, ದಿನಾ, ಮೊದಲ ತುತ್ತಿಗೆ ಕೈ ಹಾಕುವ ಮೊದಲು ಮನೆಯ ಹಿರಿಯರ ಕಡೆ ತಿರುಗಿ, "ಉಣ್ಣುತ್ತೇನೆ" ಎಂದು ಒಂದು ಮಾತು ಹೇಳಿ. ಅವರು ಟಿ.ವಿ. ನೋಡುತ್ತಿರಲಿ, ಮುನಿಸಿಕೊಂಡಿರಲಿ, ಕಿವಿ ಕೇಳದೇ ಇರಲಿ, ಎರಡನೇ ಸಲ ಹೇಳಿ. ಅವರು "ಉಣ್ಣು" ಎನ್ನುವವರೆಗೆ ಕೈ ತಟ್ಟೆಯ ಅಂಚಿನಲ್ಲೇ ಇರಲಿ. ಅನ್ನ ಆರಿದರೆ ಬಿಸಿ ಮಾಡಿಕೊಳ್ಳಬಹುದು.

ಮುಂದಿನ ವರ್ಷದ ಹೊಸ್ತಿಗೆ ಆ ಅಕ್ಕ ಇದ್ದಳೇ ಎಂದು ಅಲ್ಲೊಬ್ಬರು ಪಕ್ಕದವರನ್ನು ಪಿಸುಗುಟ್ಟಿ ಕೇಳುತ್ತಿದ್ದಾರೆ. ನಾನು ಹೇಳುವುದಿಲ್ಲ. ನೀವು ನಿಮ್ಮ ಮನೆಯವರ ಲೆಕ್ಕ ನೋಡಿಕೊಳ್ಳಿ.

ಆ ಕಡೆ ಊಟದ ಸಾಲಿಗೆ ಎಲೆ ಹಾಕುತ್ತಿದ್ದಾರೆ. ಇವತ್ತು ಇಲ್ಲಿಯೂ ಹೊಸ ಅಕ್ಕಿಯ ಪಾಯಸ. ಹಿರಿಯರನ್ನು ಜೊತೆಗೆ ಕರೆತಂದವರು ಅವರ ಪಕ್ಕವೇ ಕೂರಿ. ಮನೆಯಲ್ಲಿ ಬಿಟ್ಟು ಬಂದವರು ಮೊದಲು ಅಂಗಳಕ್ಕೆ ಹೋಗಿ ಫೋನ್ ಹಚ್ಚಿ. ಅವರು ಉಣ್ಣು ಎಂದ ಮೇಲೆ ಒಳಗೆ ಬನ್ನಿ, ನಿಮ್ಮ ಎಲೆಗೆ ನಾನೇ ಬಡಿಸುತ್ತೇನೆ.